ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ವಿದೇಶದ ಥೀಮ್ ಪಾರ್ಕಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಇಬ್ಬರು ಮಕ್ಕಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಸಿಂಗಪುರ, ಹಾಂಗ್‌ಕಾಂಗ್, ಟೋಕಿಯೊಗಳಿಗೆ ಕರೆದುಕೊಂಡು ಹೋಗಿಬಂದಿದ್ದೇವೆ. ಅಂದಿನಿಂದ ಮದುವೆಮನೆಯ ಪಂಕ್ತಿಯಲ್ಲಿ, ಶಾಲೆಯ ಗೇಟಿನ ಮುಂದೆ, ರಾತ್ರಿ ಹನ್ನೊಂದಕ್ಕೆ ಬರುವ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಇವೇ ಪ್ರಶ್ನೆಗಳು ಸುತ್ತುತ್ತಿವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಕೊಟ್ಟಿದ್ದೇನೆ. ದರ, ವೀಸಾ ನಿಯಮ, ಸವಾರಿ ಹತ್ತಲು ಮಗುವಿಗೆ ಇರಬೇಕಾದ ಕನಿಷ್ಠ ಎತ್ತರದ ಮಿತಿ ಎಲ್ಲವೂ ಆಗಾಗ ಬದಲಾಗುತ್ತವೆ. ಹಣ ಕಟ್ಟುವ ಮುನ್ನ ಆಯಾ ಪಾರ್ಕಿನ ಅಧಿಕೃತ ಜಾಲತಾಣವನ್ನು ನೋಡಿಕೊಳ್ಳಿ.

## ಹೋಗುವುದೋ ಬೇಡವೋ

ಮಗುವಿಗೆ ಈಗ ಎರಡೂವರೆ. ದೊಡ್ಡವನಾದ ಮೇಲೆ ಒಂದೂ ನೆನಪಿರುವುದಿಲ್ಲ. ದುಡ್ಡು ದಂಡವಲ್ಲವೇ?

ನೆನಪಿರುವುದಿಲ್ಲ, ನಿಜ. ನಾಮಕರಣವೂ ಅವನಿಗೆ ನೆನಪಿಲ್ಲ, ಆದರೂ ನೂರು ಜನಕ್ಕೆ ಊಟ ಹಾಕಿದಿರಿ. ಹೋಗಬೇಕೆಂಬ ಆಸೆ ನಿಮಗಿದ್ದರೆ ಹೋಗಿ, ಆದರೆ ಆ ಆಸೆಯನ್ನು ಮಗುವಿನ ಹೆಸರಿಗೆ ಬರೆಯಬೇಡಿ. ಅವನಿಗಾಗಿಯೇ ಹೋಗುವುದಾದರೆ ಐದು ತುಂಬುವವರೆಗೆ ಕಾಯಿರಿ. ಆ ಹೊತ್ತಿಗೆ ಸರತಿಯಲ್ಲಿ ನಿಲ್ಲುವ ತಾಳ್ಮೆ ಒಂದಿಷ್ಟು ಬಂದಿರುತ್ತದೆ, ಶೌಚಕ್ಕೆ ಮುಂಚಿತವಾಗಿ ಹೇಳುವುದು ಬಂದಿರುತ್ತದೆ, ಎತ್ತರವೂ ನೂರ ಹತ್ತು ಸೆಂಟಿಮೀಟರ್ ಆಸುಪಾಸಿಗೆ ಬಂದಿರುತ್ತದೆ.

ಚಿಕ್ಕವನಿದ್ದಾಗ ಹೋಗುವುದರಲ್ಲಿ ಒಂದು ಲಾಭವೂ ಉಂಟು. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿನಲ್ಲಿ ಮೂರು ವರ್ಷ ತುಂಬದವರಿಗೆ, ಟೋಕಿಯೊ ಡಿಸ್ನಿಯಲ್ಲಿಯೂ ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿಯೂ ನಾಲ್ಕು ತುಂಬದವರಿಗೆ ಪ್ರವೇಶ ಉಚಿತ. ವಿಮಾನದಲ್ಲಿ ಎರಡು ವರ್ಷದೊಳಗಿನ ಕೂಸು ಮಡಿಲಲ್ಲಿ ಕುಳಿತು ಬರಬಹುದು. ಆದರೆ ಹೋಗುವಾಗ ಒಂದು ವರ್ಷ ಹನ್ನೊಂದು ತಿಂಗಳಾಗಿದ್ದು, ಮರಳುವಷ್ಟರಲ್ಲಿ ಹುಟ್ಟುಹಬ್ಬ ಬಂದರೆ, ವಾಪಸಿಗೆ ಪೂರ್ತಿ ಸೀಟು ಕೊಳ್ಳಬೇಕಾಗುತ್ತದೆ.

ಸಿಂಗಪುರ, ಹಾಂಗ್‌ಕಾಂಗ್, ಟೋಕಿಯೊ. ಮೊದಲ ಸಲಕ್ಕೆ ಯಾವುದು?

ಐದರ ಕೆಳಗಿನ ಮಕ್ಕಳಿದ್ದರೆ ನನ್ನ ಓಟು ಹಾಂಗ್‌ಕಾಂಗಿಗೆ. 2005ರ ಸೆಪ್ಟೆಂಬರ್‌ನಲ್ಲಿ ತೆರೆದ ಈ ಪಾರ್ಕು ಡಿಸ್ನಿ ಪಾರ್ಕುಗಳ ಪೈಕಿ ಚಿಕ್ಕದು. ‘ಚಿಕ್ಕದಂತೆ’ ಎಂದು ಮೂಗು ಮುರಿಯುವವರು ಮೂರು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ದೊಡ್ಡ ಪಾರ್ಕು ಸುತ್ತಿದವರಲ್ಲ. 2023ರ ನವೆಂಬರ್‌ನಲ್ಲಿ ‘ಫ್ರೋಜನ್’ ಲೋಕದ ವಿಭಾಗವೂ ಸೇರಿಕೊಂಡಿದೆ.

ಸಿಂಗಪುರ ಎಲ್ಲಕ್ಕಿಂತ ಹತ್ತಿರ. ಬೆಂಗಳೂರಿನಿಂದ ಸುಮಾರು ನಾಲ್ಕೂವರೆ ಗಂಟೆ. ಊಟದ ಚಿಂತೆಯಿಲ್ಲ. ಆದರೆ ಸೆಂಟೋಸಾ ದ್ವೀಪದ ಯೂನಿವರ್ಸಲ್‌ನಲ್ಲಿ ಹೆಸರಾಂತ ಸವಾರಿಗಳೆಲ್ಲ ದೊಡ್ಡ ಮಕ್ಕಳಿಗೆ. ಪುಟಾಣಿಗಳಿಗೆ ಸಿಂಗಪುರದ್ದೇ ಆದ ಮಂಡಾಯ್ ಪ್ರಾಣಿಧಾಮಗಳೇ ಹೆಚ್ಚು ಹಿಡಿಸುತ್ತವೆ.

ಟೋಕಿಯೊ ಮೂರರಲ್ಲೂ ಸೊಗಸಾದುದು. 1983ರ ಡಿಸ್ನಿಲ್ಯಾಂಡ್, 2001ರ ಡಿಸ್ನಿಸೀ, ಎರಡೂ ಅಕ್ಕಪಕ್ಕದಲ್ಲೇ ಇವೆ. ಹೆಸರು ಟೋಕಿಯೊ ಎಂದಿದ್ದರೂ ಇರುವುದು ಪಕ್ಕದ ಚಿಬಾ ಪ್ರಾಂತ್ಯದ ಉರಾಯಾಸುವಿನಲ್ಲಿ. ನೇರ ವಿಮಾನವಾದರೂ ಎಂಟು ಗಂಟೆ ದಾಟುತ್ತದೆ, ಜನಸಂದಣಿ ಹೆಚ್ಚು, ಸಸ್ಯಾಹಾರಿಗಳಿಗೆ ಕಷ್ಟ. ಏಳು ದಾಟಿದ ಮಕ್ಕಳಿದ್ದರೆ ಕಣ್ಣುಮುಚ್ಚಿ ಹೋಗಿ.

ಬೇಸಿಗೆ ರಜೆಯಲ್ಲಿ ಹೋಗುವುದೋ, ದಸರಾ ರಜೆಯಲ್ಲೋ?

ದಸರಾ ರಜೆ ಎಂದರೆ ಹಾಂಗ್‌ಕಾಂಗಿಗೆ ಒಳ್ಳೆಯ ಹವೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಸೆಕೆ, ಚಂಡಮಾರುತಗಳ ಕಾಟ ಆ ಹೊತ್ತಿಗೆ ಇಳಿಯತೊಡಗಿರುತ್ತದೆ. ಆದರೆ ಅಕ್ಟೋಬರ್ 1 ಚೀನಾದ ರಾಷ್ಟ್ರೀಯ ದಿನ. ಆ ವಾರವಿಡೀ ಅಲ್ಲಿ ರಜೆಯಿದ್ದು, ಗಡಿಯಾಚೆಯಿಂದ ಜನಸಾಗರವೇ ಹರಿದು ಬರುತ್ತದೆ. ನಮ್ಮ ರಜೆ ಅದೇ ವಾರಕ್ಕೆ ಬಿದ್ದರೆ ಎಂಟನೆಯ ತಾರೀಖಿನ ನಂತರ ಹೊರಡಿ.

ಬೇಸಿಗೆ ರಜೆಗೆ ಟೋಕಿಯೊ ಒಪ್ಪುತ್ತದೆ, ತಾರೀಖು ನೋಡಿಕೊಂಡರೆ ಮಾತ್ರ. ಮಾರ್ಚ್ ಕೊನೆಯಿಂದ ಎಪ್ರಿಲ್ ಮೊದಲ ವಾರದವರೆಗೆ ಅಲ್ಲಿನ ಶಾಲೆಗಳಿಗೆ ರಜೆ, ಎಪ್ರಿಲ್ 29ರಿಂದ ಮೇ 5ರವರೆಗೆ ‘ಗೋಲ್ಡನ್ ವೀಕ್’. ನಡುವಿನ ಎರಡು ವಾರ ನಮ್ಮ ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಅವರ ಮಕ್ಕಳು ಶಾಲೆಯಲ್ಲಿರುತ್ತಾರೆ. ಸಿಂಗಪುರದಲ್ಲಿ ವರ್ಷವಿಡೀ ಅದೇ ಸೆಕೆ, ಅದೇ ಮಳೆ. ಜೂನ್ ತಿಂಗಳನ್ನೂ ಡಿಸೆಂಬರನ್ನೂ ಬಿಟ್ಟರೆ ಸಾಕು. ಆಗ ಅಲ್ಲಿನ ಶಾಲೆಗಳಿಗೆ ರಜೆ.

ಪ್ಯಾಕೇಜ್ ಟೂರ್ ಮೇಲೋ, ನಾವೇ ಮಾಡಿಕೊಳ್ಳುವುದೋ?

ಮಗು ಮಧ್ಯಾಹ್ನ ಮಲಗುವುದಾದರೆ ಪ್ಯಾಕೇಜ್ ಬೇಡ. ನಲವತ್ತು ಜನರ ಬಸ್ಸು ನಿಮ್ಮ ಮಗುವಿನ ನಿದ್ದೆಗೆ ಕಾಯುವುದಿಲ್ಲ. ಪ್ಯಾಕೇಜಿಗೆ ಹೋದವರು, ಟೂರ್ ಕಂಪನಿ ನಿಮ್ಮಿಂದ ಮುಂಗಡ ತೆರಿಗೆಯಾಗಿ ಹಿಡಿದುಕೊಂಡ ಟಿಸಿಎಸ್ ಮೊತ್ತವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು ಎಂಬುದನ್ನು ಮರೆಯದಿರಿ.

## ಕಾಗದಪತ್ರ

ನನ್ನ ಹೆಸರಿನ ಮುಂದೆ ಎರಡು ಇನಿಶಿಯಲ್, ಮಗಳ ಹೆಸರಿನ ಹಿಂದೆ ಅವಳಪ್ಪನ ಹೆಸರು. ವಿಮಾನ ನಿಲ್ದಾಣದಲ್ಲಿ ತಕರಾರು ಬರುತ್ತದೆಯೇ?

ನಮ್ಮ ಕಡೆಯವರಿಗೆ ಇದು ಇದ್ದದ್ದೇ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಮನೆಯಲ್ಲಿ ‘ಎಚ್. ಎನ್.’ ಆಗಿದ್ದದ್ದು ಅಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಒಂದು ಸಾಲಾಗಿರುತ್ತದೆ. ಕೆಲವರಿಗೆ ಮನೆತನದ ಹೆಸರಿನ ಅಂಕಣವೇ ಖಾಲಿ. ನಿಯಮ ಒಂದೇ: ಟಿಕೆಟ್, ವೀಸಾ ಅರ್ಜಿ, ಹೋಟೆಲ್ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ. ಮನೆತನದ ಹೆಸರು ಖಾಲಿಯಿದ್ದರೆ ಟಿಕೆಟ್‌ನಲ್ಲಿ ಏನು ತುಂಬಬೇಕೆಂದು ವಿಮಾನ ಕಂಪನಿಯನ್ನೇ ಕೇಳಿ. ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ದುಬೈ ಕಡೆ ಹೊರಟವರು ಇನ್ನೂ ಎಚ್ಚರವಾಗಿರಬೇಕು. ಒಂದೇ ಹೆಸರಿರುವ ಪಾಸ್‌ಪೋರ್ಟಿನ ವಿಷಯದಲ್ಲಿ ಯುಎಇ 2022ರ ನವೆಂಬರ್‌ನಿಂದ ಬಿಗಿಯಾಗಿದೆ.

ತಾಯಿ ಮಗಳ ಹೆಸರು ಹೊಂದದಿದ್ದರೆ ಜನನ ಪ್ರಮಾಣಪತ್ರದ ಪ್ರತಿ ಕೈಚೀಲದಲ್ಲಿರಲಿ. ಒಬ್ಬರೇ ಪೋಷಕರು ಕರೆದೊಯ್ಯುವಾಗ ಇನ್ನೊಬ್ಬರ ಒಪ್ಪಿಗೆ ಪತ್ರವೂ ಜೊತೆಗಿರಲಿ. ನನ್ನನ್ನು ಒಂದೇ ಒಂದು ಸಲ ಕೇಳಿದ್ದಾರೆ, ಆದರೆ ಆಗ ಮಗ ಹೆಗಲ ಮೇಲೆ ನಿದ್ದೆ ಹೋಗಿದ್ದ, ಹಿಂದೆ ಅರವತ್ತು ಜನ ನಿಂತಿದ್ದರು. ಪತ್ರ ಸೂಟ್‌ಕೇಸಿನಲ್ಲಿತ್ತು.

ಕೈಕೂಸಿಗೂ ಬೇರೆ ಪಾಸ್‌ಪೋರ್ಟ್, ಬೇರೆ ವೀಸಾ ಬೇಕೇ?

ಎರಡೂ ಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯುಷ್ಯ. ದೊಡ್ಡವರದು ಹತ್ತು ವರ್ಷವಾದ್ದರಿಂದ ಮಕ್ಕಳದು ಮುಗಿದಿದ್ದು ಗಮನಕ್ಕೇ ಬರುವುದಿಲ್ಲ. ಆರು ತಿಂಗಳಾದರೂ ಅವಧಿ ಉಳಿದಿರಬೇಕು.

ಹಾಂಗ್‌ಕಾಂಗಿಗೆ ಭಾರತೀಯರು 2017ರ ಜನವರಿಯಿಂದ ಅಂತರ್ಜಾಲದಲ್ಲಿ ಮುಂಗಡ ನೋಂದಣಿ ಮಾಡಿಕೊಳ್ಳಬೇಕು. ಇದು ಉಚಿತ, ಹದಿನಾಲ್ಕು ದಿನಗಳವರೆಗೆ ಇರಬಹುದು. ಒಬ್ಬೊಬ್ಬರಿಗೂ ಪ್ರತ್ಯೇಕ ಅರ್ಜಿ. ವಿಮಾನದ ಟಿಕೆಟಿಗೆ ಮೊದಲೇ ಇದನ್ನು ಮಾಡಿ, ಏಕೆಂದರೆ ನೋಂದಣಿ ಆಗದಿದ್ದರೆ ವೀಸಾ ಅರ್ಜಿ ಹಾಕಿ ಕಾಯಬೇಕಾಗುತ್ತದೆ. ಸಿಂಗಪುರದ ವೀಸಾ ಅಧಿಕೃತ ಏಜೆಂಟರ ಮೂಲಕ. ಅದಲ್ಲದೆ ಅಲ್ಲಿ ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಆಗಮನ ಕಾರ್ಡನ್ನು ಅಂತರ್ಜಾಲದಲ್ಲಿ ತುಂಬಬೇಕು. ಅದು ಉಚಿತ, ಹಣ ಕೇಳುವ ತಾಣ ಕಂಡರೆ ಅದು ಅಸಲಿಯಲ್ಲ. ಜಪಾನಿಗೂ ವೀಸಾ ಬೇಕು.

## ದಾರಿ ಮತ್ತು ಊಟ

ವಿಮಾನ ಇಳಿಯುವಾಗ ಮಗು ಕಿವಿ ಹಿಡಿದುಕೊಂಡು ಕಿರುಚುತ್ತದೆ. ಏನು ಮಾಡಲಿ?

ಕಿವಿಯೊಳಗಿನ ಒತ್ತಡ ಹೊರಗಿನದಕ್ಕೆ ಹೊಂದಿಕೊಳ್ಳಲು ನುಂಗಬೇಕು. ದೊಡ್ಡವರು ಉಗುಳು ನುಂಗುತ್ತಾರೆ, ಮಗುವಿಗೆ ಅದು ಗೊತ್ತಿಲ್ಲ. ಚಕ್ರ ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ ವಿಮಾನ ಇಳಿಯತೊಡಗುತ್ತದೆ. ಹಾಲಿನ ಬಾಟಲಿಯನ್ನು ಆ ಹೊತ್ತಿಗಾಗಿ ಉಳಿಸಿಕೊಳ್ಳಿ. ದೊಡ್ಡ ಮಗುವಾದರೆ ಸ್ಟ್ರಾ ಹಾಕಿ ನೀರು ಕುಡಿಸಿ. ದ್ರವಕ್ಕೆ ನೂರು ಮಿಲಿಲೀಟರಿನ ಮಿತಿ ಇದ್ದರೂ ಕೂಸಿನ ಹಾಲಿಗೆ ವಿನಾಯಿತಿ ಉಂಟು, ತಪಾಸಣೆಯಲ್ಲಿ ಮೊದಲೇ ತೆಗೆದು ತೋರಿಸಿ. ನೆಗಡಿ ಇದ್ದರೆ ಹೊರಡುವ ಮುನ್ನ ಮಕ್ಕಳ ವೈದ್ಯರಿಗೆ ತೋರಿಸಿಯೇ ಹೋಗಿ.

ಅತ್ತೆ ಚಟ್ನಿಪುಡಿ, ಅವಲಕ್ಕಿ, ಸಾರಿನ ಪುಡಿ, ಗಸಗಸೆ ಎಲ್ಲ ಕಟ್ಟಿಟ್ಟಿದ್ದಾರೆ. ಒಯ್ಯಬಹುದೇ?

ಗಸಗಸೆಯನ್ನು ಈಗಲೇ ಹೊರಗೆ ತೆಗೆಯಿರಿ. ನಮಗದು ಪಾಯಸದ ಸಾಮಾನು, ಆದರೆ ಅಫೀಮು ಗಿಡದ ಬೀಜವಾದ್ದರಿಂದ ಸಿಂಗಪುರ, ಯುಎಇಗಳಲ್ಲಿ ಅದು ನಿಷಿದ್ಧ. ಅತ್ತೆಗೆ ಬೇಸರವಾಗುವುದಾದರೆ ಕಾನೂನಿನ ಮೇಲೆ ಹಾಕಿ. ಹಸಿ ಕರಿಬೇವು, ಹಣ್ಣು, ತರಕಾರಿಯೂ ಮನೆಯಲ್ಲೇ ಇರಲಿ. ಜಪಾನಿನಲ್ಲಿ ಸಸ್ಯ ತಪಾಸಣೆ ಕಟ್ಟುನಿಟ್ಟು.

ಒಣ ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಮಿಶ್ರಣ ಇವೆಲ್ಲ ಅಂಗಡಿಯ ಸೀಲು ಇರುವ ಪೊಟ್ಟಣದಲ್ಲಿದ್ದರೆ ವಾಸಿ. ಹೋಟೆಲ್ ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಸಾಮಾನ್ಯವಾಗಿ ಇರುತ್ತದೆ. ನಾವು ಬೆಳಿಗ್ಗೆ ಐದು ನಿಮಿಷದಲ್ಲಿ ಉಪ್ಪಿಟ್ಟು ಮಾಡಿ, ಮಕ್ಕಳ ಹೊಟ್ಟೆ ತುಂಬಿಸಿಯೇ ಪಾರ್ಕಿಗೆ ಹೊರಡುತ್ತಿದ್ದೆವು. ಟೋಕಿಯೊ ಪಾರ್ಕಿನೊಳಗೆ ಹೊರಗಿನ ಊಟ ಒಯ್ಯುವಂತಿಲ್ಲ. ಕೂಸಿನ ಆಹಾರಕ್ಕೆ ಮಾತ್ರ ಅಡ್ಡಿಯಿಲ್ಲ.

ಔಷಧಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಕೊಡೀನ್ ಇರುವ ಕೆಮ್ಮಿನ ಔಷಧಿ, ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಗಳಿಗೆ ಈ ದೇಶಗಳಲ್ಲಿ ನಿರ್ಬಂಧಗಳಿವೆ. ಬಾಟಲಿಯ ಹಿಂದಿನ ಚೀಟಿ ಓದಿ, ವೈದ್ಯರ ಚೀಟಿಯನ್ನೂ ಇಟ್ಟುಕೊಳ್ಳಿ.

ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಉಪವಾಸ ಬೀಳುತ್ತೇವೆಯೇ?

ಸಿಂಗಪುರದಲ್ಲಿ ಇಲ್ಲ. ಲಿಟಲ್ ಇಂಡಿಯಾದಲ್ಲಿ ನಮ್ಮ ಎಂಟಿಆರ್‌ನ ಶಾಖೆಯೇ ಇದೆ. ಹಾಂಗ್‌ಕಾಂಗ್ ಪಾರ್ಕಿನೊಳಗೆ ಮಿಸ್ಟಿಕ್ ಪಾಯಿಂಟ್ ಬಳಿಯ ಎಕ್ಸ್‌ಪ್ಲೋರರ್ಸ್ ಕ್ಲಬ್ ಎಂಬ ಊಟದ ಮನೆಯಲ್ಲಿ ಭಾರತೀಯ ಅಡುಗೆ ನೋಡಬಹುದು.

ಟೋಕಿಯೊದಲ್ಲಿ ಕಣ್ಣಿಗೆ ಕಾಣದ ಮೀನಿನದೇ ತೊಂದರೆ. ತರಕಾರಿಯಂತೆ ತೋರುವ ಸೂಪಿನ ತಳದಲ್ಲಿ ‘ದಾಶಿ’ ಎಂಬ ತಿಳಿ ಇರುತ್ತದೆ. ಅದನ್ನು ಬಹುಪಾಲು ಒಣಮೀನಿನಿಂದ ತೆಗೆಯುತ್ತಾರೆ. ‘ಮಾಂಸ ಇದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಪ್ರಾಮಾಣಿಕ ಉತ್ತರವೇ ಬರುತ್ತದೆ! ‘ಮೀನಿನ ದಾಶಿ ಇದೆಯೇ’ ಎಂದೇ ಕೇಳಬೇಕು. ನನ್ನ ಉಪಾಯ ಹೇಳುತ್ತೇನೆ: ಪಾರ್ಕಿನ ಹೋಟೆಲಿಗೆ ದುಡ್ಡು ಸುರಿಯದೆ ನಿಶಿ-ಕಸಾಯಿಯಲ್ಲಿ ಉಳಿದುಕೊಳ್ಳಿ. ಅದು ಟೋಕಿಯೊದ ಭಾರತೀಯರ ಬಡಾವಣೆ, ದಿನಸಿ ಅಂಗಡಿ, ದೋಸೆ, ಚಪಾತಿ ಎಲ್ಲ ಸಿಗುತ್ತದೆ. ತೋಝಾಯ್ ಮಾರ್ಗದಲ್ಲಿ ಎರಡು ನಿಲ್ದಾಣ ದಾಟಿದರೆ ಉರಾಯಾಸು, ಅಲ್ಲಿಂದ ಪಾರ್ಕಿಗೆ ಬಸ್ಸು.

## ಪಾರ್ಕಿನೊಳಗೆ

ಎತ್ತರ ಎರಡು ಸೆಂಟಿಮೀಟರ್ ಕಡಿಮೆ ಬರುತ್ತದೆ. ದಪ್ಪ ಅಟ್ಟೆಯ ಶೂ ಹಾಕಿಸಿದರೆ ಬಿಡುತ್ತಾರೆಯೇ?

ಹಾಗೆ ಮಾಡಬೇಡಿ. ಕಂಬಿಯನ್ನೂ ಪಟ್ಟಿಯನ್ನೂ ಅಷ್ಟು ಎತ್ತರದ ಮೈಯನ್ನು ಹಿಡಿದಿಡುವ ಲೆಕ್ಕದಲ್ಲಿ ಮಾಡಿರುತ್ತಾರೆ. ಕುಳ್ಳ ಮಗು ಅದರಡಿಯಿಂದ ಜಾರಬಹುದು. ಅಳೆಯುವ ಸಿಬ್ಬಂದಿ ಶೂ ಬಿಚ್ಚಿಸುವುದೂ ಉಂಟು.

ಮನೆಯಲ್ಲೇ ಬಾಗಿಲಿನ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಸಂಜೆ ಅಳೆಯಿರಿ. ದಿನವಿಡೀ ಓಡಾಡಿ ಬೆನ್ನುಮೂಳೆಗಳ ನಡುವಿನ ಮೆದು ಬಿಲ್ಲೆಗಳು ಒತ್ತಿಕೊಳ್ಳುವುದರಿಂದ ಬೆಳಿಗ್ಗೆಗಿಂತ ಸಂಜೆ ಎತ್ತರ ಒಂದಿಷ್ಟು ಕಡಿಮೆಯೇ. ನೂರ ಎರಡು ಎಂಬ ಸಂಖ್ಯೆ ಎಲ್ಲೆಡೆ ಎದುರಾಗುತ್ತದೆ, ಏಕೆಂದರೆ ಅದು ಅಮೆರಿಕದ ನಲವತ್ತು ಇಂಚು. ಹಾಂಗ್‌ಕಾಂಗಿನ ಹೈಪರ್‌ಸ್ಪೇಸ್ ಮೌಂಟನ್, ಟೋಕಿಯೊದ ಬಿಗ್ ಥಂಡರ್ ಮೌಂಟನ್, ಸಿಂಗಪುರದ ಟ್ರಾನ್ಸ್‌ಫಾರ್ಮರ್ಸ್ ಮೂರಕ್ಕೂ ಅದೇ ಗೆರೆ. ಹಾಂಗ್‌ಕಾಂಗಿನ ಬಿಗ್ ಗ್ರಿಜ್ಲಿಗೆ 112, ಟೋಕಿಯೊದ ಸ್ಪ್ಲಾಶ್ ಮೌಂಟನ್‌ಗೆ 90, ಸಿಂಗಪುರದ ಮಮ್ಮಿ ಸವಾರಿಗೆ 122. ನಿಮ್ಮ ಗೆರೆಗೆ ಮೇಲಿರುವುದರ ಹೆಸರನ್ನೇ ಮನೆಯಲ್ಲಿ ಎತ್ತಬೇಡಿ, ವಿಡಿಯೊವನ್ನೂ ತೋರಿಸಬೇಡಿ. ಇಲ್ಲದ್ದಕ್ಕೆ ಆಸೆ ಹುಟ್ಟಿಸಿ ಸರತಿಯ ಬಾಯಲ್ಲಿ ಅಳಿಸುವುದು ಪಾಪ.

ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲಬೇಕು ಎನ್ನುತ್ತಾರೆ. ಚಿಕ್ಕ ಮಕ್ಕಳಿಗೆ ಅದು ಸಾಧ್ಯವೇ?

ಆ ಸಲಹೆ ಆ ಊರಿನವರಿಗೆ ಸರಿ. ಮಗುವಿನ ಮೈ ಇನ್ನೂ ಬೆಂಗಳೂರಿನ ಗಡಿಯಾರದಲ್ಲೇ ಇರುತ್ತದೆ. ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಒಂಬತ್ತು ಎಂದರೆ ಮಗುವಿಗೆ ನಸುಕಿನ ಐದೂವರೆ. ಸರತಿಯಲ್ಲಿ ನಿಲ್ಲಲು ಏಳಕ್ಕೇ ಎಬ್ಬಿಸಿದರೆ ಮೂರೂವರೆಗೆ ಎಬ್ಬಿಸಿದಂತೆ. ನಾವು ಮೊದಲ ಸಲ ಅದನ್ನೇ ಮಾಡಿದೆವು. ಹನ್ನೊಂದಕ್ಕೆ ಮಗಳು ಕ್ಯಾಂಡಿ ಅಂಗಡಿಯ ನೆಲದ ಮೇಲೆ ಅಡ್ಡಬಿದ್ದು, ‘ಮನೆಗೆ ಹೋಗೋಣ’ ಎಂದು ಅತ್ತಳು. ಹೋಟೆಲಲ್ಲ, ಮನೆ.

ಇದೇ ಲೆಕ್ಕವನ್ನು ರಾತ್ರಿಗೆ ಹಾಕಿ ನೋಡಿ. ಟೋಕಿಯೊದಲ್ಲಿ ರಾತ್ರಿ ಎಂಟೂವರೆಯ ಬಾಣಬಿರುಸು ನಮ್ಮ ಮಗುವಿಗೆ ಸಂಜೆ ಐದರ ಆಟ. ಅಲ್ಲಿನ ಮಕ್ಕಳು ಅಪ್ಪಂದಿರ ಹೆಗಲ ಮೇಲೆ ತೂಕಡಿಸುತ್ತಿರುವಾಗ ನಮ್ಮವರು ಕುಣಿಯುತ್ತಿರುತ್ತಾರೆ. ಸಿಂಗಪುರ, ಹಾಂಗ್‌ಕಾಂಗ್ ಎರಡೂ ಎರಡೂವರೆ ಗಂಟೆ ಮುಂದೆ. ಪೂರ್ವಕ್ಕೆ ಹೋಗುವ ಭಾರತೀಯರಿಗೆ ಕಾಲವೇ ಕೊಟ್ಟ ಈ ಕೊಡುಗೆಯನ್ನು ಏಕೆ ಬಿಡಬೇಕು? ತಡವಾಗಿ ಏಳಿ, ಹನ್ನೊಂದಕ್ಕೆ ಒಳಗೆ ಹೋಗಿ, ಮಧ್ಯಾಹ್ನ ತಳ್ಳುಗಾಡಿಯಲ್ಲಿ ಮಲಗಿಸಿ, ರಾತ್ರಿಯವರೆಗೆ ಇರಿ. ಇಳಿದ ಮರುದಿನವೇ ಪಾರ್ಕಿನ ಟಿಕೆಟ್ ಇಟ್ಟುಕೊಳ್ಳಬೇಡಿ.

ದೊಡ್ಡವಳಿಗೆ ಎಂಟು, ಚಿಕ್ಕವನಿಗೆ ಮೂರು. ದೊಡ್ಡ ಸವಾರಿಗೆ ಯಾರು ಹೋಗುವುದು, ಯಾರು ಉಳಿಯುವುದು?

ಸರತಿಯ ಬಾಯಲ್ಲಿರುವ ಸಿಬ್ಬಂದಿಗೆ ‘ರೈಡರ್ ಸ್ವಿಚ್’ ಎನ್ನಿ. ಸಿಂಗಪುರದಲ್ಲಿ ‘ಚೈಲ್ಡ್ ಸ್ವಾಪ್’ ಎಂದರೂ ತಿಳಿಯುತ್ತದೆ. ಅಪ್ಪ ಮಗಳೊಂದಿಗೆ ಹೋಗಿಬರುವವರೆಗೆ ಅಮ್ಮ ಚಿಕ್ಕವನೊಂದಿಗೆ ಹೊರಗಿರುತ್ತಾಳೆ. ಆಮೇಲೆ ಅಮ್ಮ ಮತ್ತೆ ಸರತಿ ನಿಲ್ಲದೆ ಒಳಹೋಗುತ್ತಾಳೆ. ಇದಕ್ಕೆ ಹಣವಿಲ್ಲ, ಆದರೆ ಕೇಳದೆ ಯಾರೂ ಕೊಡುವುದಿಲ್ಲ.

ನಾಲ್ಕು ವರ್ಷದವನಿಗೆ ತಳ್ಳುಗಾಡಿಯೇ? ನಡೆಯುತ್ತಾನಲ್ಲ!

ಮನೆಯಿಂದ ಉದ್ಯಾನಕ್ಕೆ ನಡೆಯುತ್ತಾನೆ. ಇಲ್ಲಿ ಬೆಳಗಿನಿಂದ ರಾತ್ರಿಯವರೆಗೆ. ಬಾಡಿಗೆಗೆ ಸಿಗುತ್ತದೆ, ತೆಗೆದುಕೊಳ್ಳಿ. ಸವಾರಿಯ ಹೊರಗೆ ನೂರಾರು ಗಾಡಿಗಳು ಒಂದೇ ಬಣ್ಣದಲ್ಲಿ ನಿಂತಿರುತ್ತವೆ, ಹಿಡಿಗೆ ಒಂದು ಕೆಂಪು ದಾರ ಕಟ್ಟಿ.

ಬೊಂಬೆ ವೇಷದವರು ಹತ್ತಿರ ಬಂದರೆ ಮಗು ಚೀರುತ್ತದೆ. ಫೋಟೊ ಹೇಗೆ?

ಫೋಟೊ ಬೇಡ. ಟಿವಿಯಲ್ಲಿ ಅಂಗೈಯಷ್ಟಿದ್ದ ಇಲಿ ಅಪ್ಪನಷ್ಟು ಎತ್ತರವಾಗಿ, ಮಾತೂ ಆಡದೆ ಎದುರು ಬಂದು ನಿಂತರೆ ಯಾರಿಗಾದರೂ ಎದೆ ನಡುಗುತ್ತದೆ. ದೂರದಿಂದ ಕೈ ಬೀಸಲಿ. ಮಗ ಮೊದಲ ಸಲ ನನ್ನ ಸೆರಗಿನೊಳಗೆ ಹೊಕ್ಕವನು ಅರ್ಧ ಗಂಟೆ ಹೊರಬರಲಿಲ್ಲ. ಅವನಿಗೆ ಹಿಡಿಸಿದ್ದು ಹಾಂಗ್‌ಕಾಂಗಿನ ಸನ್ನಿ ಬೇ ನಿಲ್ದಾಣದಿಂದ ಪಾರ್ಕಿಗೆ ಹೋಗುವ ಪುಟ್ಟ ರೈಲು. ಅದರ ಕಿಟಕಿಗಳು ಮಿಕ್ಕಿಯ ತಲೆಯ ಆಕಾರದಲ್ಲಿವೆ, ಚಾಲಕನಿಲ್ಲ. ಪಾರ್ಕಿನಿಂದ ಹೊರಟ ಮೇಲೆ ಅದರಲ್ಲೇ ಮತ್ತೆರಡು ಸಲ ಹೋಗಿಬಂದೆವು.

ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ? ಅವನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು.

‘ಅಮ್ಮನ ಹೆಸರೇನು’ ಎಂದು ಈಗಲೇ ಕೇಳಿ ನೋಡಿ. ‘ಅಮ್ಮ’ ಎನ್ನುತ್ತಾನೆ. ಹೊರಡುವ ಮೊದಲಿನ ಒಂದು ತಿಂಗಳು ನಿಮ್ಮಿಬ್ಬರ ಪೂರ್ತಿ ಹೆಸರನ್ನು ಬಾಯಿಪಾಠ ಮಾಡಿಸಿ. ವಿದೇಶದಲ್ಲಿ ಕೆಲಸ ಮಾಡುವ ನಿಮ್ಮ ಮೊಬೈಲ್ ಸಂಖ್ಯೆಯನ್ನು +91 ಸಮೇತ ಕೈಪಟ್ಟಿಯ ಒಳಬದಿಯಲ್ಲಿ ಬರೆಯಿರಿ, ಹೊರಗೆ ಕಾಣುವಂತೆ ಹೆಸರು ಬೇಡ. ಪ್ರತಿ ಬೆಳಿಗ್ಗೆ ಹೊರಡುವಾಗ ಬಟ್ಟೆ, ಶೂ ಕಾಣುವಂತೆ ಒಂದು ಫೋಟೊ ತೆಗೆದಿಡಿ. ಗಾಬರಿಯಲ್ಲಿ ಅಂಗಿಯ ಬಣ್ಣ ನೆನಪಾಗುವುದಿಲ್ಲ. ಎದೆಯ ಮೇಲೆ ಹೆಸರಿನ ಬಿಲ್ಲೆ ಇರುವವರ ಬಳಿ ಹೋಗಿ ನಿಲ್ಲು ಎಂದು ಹೇಳಿಕೊಡಿ, ಬಿಲ್ಲೆಯನ್ನು ಬೆರಳಿಟ್ಟು ತೋರಿಸಿಯೇ ಹೇಳಿ.

## ಎರಡನೆಯ ಸಲ ಹೊರಟವರಿಗೆ

ಸರತಿ ತಪ್ಪಿಸುವ ದುಬಾರಿ ಪಾಸು ಕೊಳ್ಳಬೇಕೇ?

ಐದರೊಳಗಿನ ಮಕ್ಕಳಿದ್ದರೆ ಹೆಚ್ಚಿನ ಪಕ್ಷ ಬೇಡ. ಉದ್ದ ಸರತಿಗಳು ಇರುವುದು ಅವರನ್ನು ಬಿಡದ ಸವಾರಿಗಳಲ್ಲೇ. ಟೋಕಿಯೊ ಇದಕ್ಕೆ ಅಪವಾದ. ಅಲ್ಲಿ ಎತ್ತರದ ಮಿತಿಯಿಲ್ಲದ ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ ಸವಾರಿಗೂ ಗಂಟೆಗಟ್ಟಲೆ ಜನ ನಿಲ್ಲುತ್ತಾರೆ. ಅಂಥ ಒಂದಕ್ಕೆ ‘ಪ್ರೀಮಿಯರ್ ಆ್ಯಕ್ಸೆಸ್’ ಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಒಳಗೆ ಹೋದ ಮೇಲೆ ಆ್ಯಪ್‌ನಲ್ಲೇ ಒಬ್ಬೊಬ್ಬರಿಗೆ, ಒಂದೊಂದು ಸವಾರಿಗೆ ಕೊಳ್ಳುವಂಥದ್ದು ಅದು.

ಸಿಂಗಪುರಕ್ಕೆ ಹೋದಾಗಲೇ ಮಲೇಷ್ಯಾದ ಲೆಗೋಲ್ಯಾಂಡ್ ಮುಗಿಸಿಬರಬಹುದಂತೆ?

ಜೊಹೊರ್‌ನಲ್ಲಿ 2012ರಲ್ಲಿ ತೆರೆದ ಆ ಪಾರ್ಕು ಚಿಕ್ಕ ಮಕ್ಕಳಿಗೆಂದೇ ಇರುವುದು, ಸವಾರಿಗಳು ಸೌಮ್ಯ. ದೂರವೂ ಹೆಚ್ಚಿಲ್ಲ. ಆದರೆ ನಡುವೆ ಇರುವುದು ಅಂತರರಾಷ್ಟ್ರೀಯ ಗಡಿ. ಹೋಗುವಾಗ ಎರಡು ಕಡೆ, ಬರುವಾಗ ಎರಡು ಕಡೆ, ನಿದ್ದೆ ಮಾಡುತ್ತಿರುವ ಮಗುವನ್ನೂ ಚೀಲಗಳನ್ನೂ ಎತ್ತಿಕೊಂಡು ಬಸ್ಸಿನಿಂದ ಇಳಿಯಬೇಕು. ನಿಮ್ಮ ಸಿಂಗಪುರ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶ ಕೊಡುತ್ತದೆಯೇ ನೋಡಿಕೊಳ್ಳಿ, ಮರಳುವಾಗ ಆಗಮನ ಕಾರ್ಡನ್ನು ಮತ್ತೆ ತುಂಬಬೇಕು. ಮಲೇಷ್ಯಾಕ್ಕೂ ಅಂಥದ್ದೇ ಡಿಜಿಟಲ್ ಕಾರ್ಡ್ ಉಂಟು. ವಾರಾಂತ್ಯದಲ್ಲಿ ಗಡಿಯ ಕಡೆ ತಲೆ ಹಾಕಬೇಡಿ. ಒಂದು ರಾತ್ರಿ ಅಲ್ಲೇ ಉಳಿಯುವುದಾದರೆ ಮಾತ್ರ ಹೋಗಿ.

ಅಜ್ಜ ಅಜ್ಜಿಯನ್ನೂ ಕರೆದೊಯ್ಯುತ್ತಿದ್ದೇವೆ. ಅವರಿಗೆ ಬೇಸರವಾಗುವುದಿಲ್ಲವೇ?

ಅವರನ್ನು ಮಕ್ಕಳ ಕಾವಲಿಗೆಂದು ಕರೆದೊಯ್ದರೆ ಖಂಡಿತ ಆಗುತ್ತದೆ. ಎರಡು ದಿನ ಪಾರ್ಕಿದ್ದರೆ ಒಂದು ದಿನ ಅವರಿಗೆ ಬಿಡುವು ಕೊಡಿ. ಹಾಂಗ್‌ಕಾಂಗ್ ಪಾರ್ಕಿನಲ್ಲಿ ಹಿರಿಯರ ಟಿಕೆಟ್ ಬಹಳ ಅಗ್ಗ, ಆದ್ದರಿಂದ ಅರ್ಧ ದಿನಕ್ಕೇ ಮರಳಿದರೂ ಹೊಟ್ಟೆ ಉರಿಯುವುದಿಲ್ಲ. ಗಾಲಿಕುರ್ಚಿಯೂ ಬಾಡಿಗೆಗೆ ಸಿಗುತ್ತದೆ.

ನಮ್ಮ ಮಾವನವರು ಒಂದೂ ಸವಾರಿ ಹತ್ತಲಿಲ್ಲ. ಪಾರ್ಕು ಕಟ್ಟುವಾಗ ಚೀನೀಯರ ವಾಸ್ತುವಾದ ಫೆಂಗ್‌ಶೂಯಿ ಬಲ್ಲವರ ಮಾತು ಕೇಳಿ ಮುಖ್ಯ ದ್ವಾರವನ್ನೇ ಹನ್ನೆರಡು ಡಿಗ್ರಿ ತಿರುಗಿಸಿದರು ಎಂದು ನಾನು ಹೇಳಿದ್ದೇ ತಪ್ಪಾಯಿತು. ಮೊಬೈಲಿನ ದಿಕ್ಸೂಚಿ ಹಿಡಿದು ದ್ವಾರದ ಎದುರು ಮುಕ್ಕಾಲು ಗಂಟೆ ನಿಂತರು. ಊರಿಗೆ ಬಂದು ಎಲ್ಲರಿಗೂ ಹೇಳಿದ್ದು ಅದೊಂದನ್ನೇ.